ಈಜು ಕಲಿಯಲು ಕಡಲಿಗೆ ಹೋದದ್ದು

೧೯೯೫ರ ನನ್ನ ಡೈರಿಯಲ್ಲಿ ಅಕ್ಟೋಬರ್ ನಾಲ್ಕರ ಪುಟದ ಮೇಲ್ತುದಿಗೆ ಎರಡು ಸಾಲುಗಳಿವೆ. ಮೊದಲನೆಯದು ಮನೆಯವರಿಗೆ ಹೇಳಿದ ಉದ್ದೇಶ: ಕರಾವಳಿ ಪ್ರವಾಸ. ಎರಡನೆಯದು ನಿಜವಾದ ಉದ್ದೇಶ: ಈಜು ಕಲಿಯುವುದು. ಎರಡನೆಯ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೆ. ಯಾರಾದರೂ ಡೈರಿಗೆ ಕೈಹಾಕಿದರೆ ಅಳಿಸಿಬಿಡಬಹುದು ಎಂದು.

ಆಗ ನನಗೆ ಇಪ್ಪತ್ತೊಂದು ವರ್ಷ. ನಮ್ಮೂರು ಪಾಂಡವಪುರದ ಹತ್ತಿರ, ನಾಲೆಯ ಮಗ್ಗುಲಲ್ಲೇ ಇದೆ. ಅಲ್ಲಿ ಗಂಡುಹುಡುಗನಿಗೆ ಈಜು ಬರುವುದಿಲ್ಲ ಅಂದರೆ ಸೈಕಲ್ಲು ಬರುವುದಿಲ್ಲ ಅಂದದ್ದಕ್ಕಿಂತ ಹೆಚ್ಚಿನ ಅವಮಾನ. ನನಗೆ ಬರುತ್ತಿರಲಿಲ್ಲ. ನಾನು ಹುಟ್ಟಿದಾಗ ಜಾತಕ ಬರೆದ ಜೋಯಿಸರು, ಇಪ್ಪತ್ತು ತುಂಬುವ ತನಕ ಈ ಮಗುವಿಗೆ ನೀರಿನ ಕಂಟಕ ಇದೆ ಅಂದಿದ್ದರಂತೆ. ಅಪ್ಪ ಆ ಮಾತನ್ನು ಜೋಯಿಸರ ಜಗಲಿಯಲ್ಲೇ ಬಿಟ್ಟು ಬಂದರು. ಅಜ್ಜಿ ಮನೆಗೆ ಹೊತ್ತು ತಂದಳು. ನನ್ನ ಓರಗೆಯವರೆಲ್ಲ ಸೇತುವೆಯ ಮೇಲಿಂದ ನಾಲೆಗೆ ಹಾರಿ ಅರ್ಧ ಫರ್ಲಾಂಗು ಆಚೆ ಎದ್ದು ಬರುವಾಗ, ನಾನು ಸೋಪಾನದ ಮೇಲೆ ಕೂತು, ಅಜ್ಜಿಯ ತವರು ನಾಗಮಂಗಲದಿಂದ ಬಂದ ಹಿತ್ತಾಳೆ ಚೊಂಬಿನಲ್ಲಿ ನೀರು ಮೊಗೆದು ಹುಯ್ದುಕೊಳ್ಳುತ್ತಿದ್ದೆ.

"ಚೊಂಬು ಬಂತು ಕಣ್ರಲಾ, ಜಾಗ ಬುಡಿ" ಅನ್ನುತ್ತಿದ್ದರು ಜೊತೆಯವರು.

ಇಪ್ಪತ್ತು ತುಂಬಿದ ದಿನ ಅಜ್ಜಿ ನಾಲೆಗೆ ಹೂವು, ಅರಿಶಿನ ಬಿಟ್ಟು, "ಕಳೀತು ಬುಡು" ಅಂದಳು. ಆದರೆ ಈಜು ಕಲಿ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಏಳು ವರ್ಷದ ಮಕ್ಕಳು ಲಾಗ ಹಾಕಿ ಹಾರುವ ಜಾಗದಲ್ಲಿ ಮೀಸೆ ಬಂದವನು ಕೈಕಾಲು ಬಡಿಯುವುದು ಹೇಗೆ? ಗುರುತಿನವರು ಇಲ್ಲದ ಕಡೆ ಕಲಿತು ಬರಬೇಕು ಅಂತ ತೀರ್ಮಾನ ಮಾಡಿದೆ. ನೀರು ಅಂದರೆ ಸಮುದ್ರ, ಸಮುದ್ರದ ದಡದವರು ಅಂದರೆ ಹುಟ್ಟು ಈಜುಗಾರರು, ಜೊತೆಗೆ ಉಪ್ಪುನೀರಿನಲ್ಲಿ ಮೈ ಹಗುರವಾಗಿ ತೇಲುತ್ತದೆ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದೆ. ನನ್ನ ಲೆಕ್ಕ ಅಷ್ಟೇ ಇತ್ತು.

ನಾನು ಓದುತ್ತಿದ್ದದ್ದು ಮಂಡ್ಯದಲ್ಲಿ, ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು. ದಸರಾ ರಜೆಯಲ್ಲಿ ಹಾಸ್ಟೆಲುಗಳು ಅರ್ಧ ಖಾಲಿ ಇರುತ್ತವೆ ಎಂಬುದು ನನಗೆ ಗೊತ್ತಿತ್ತು. ನಮ್ಮ ವಾರ್ಡನ್ನರನ್ನು ಕೇಳಿ ಮಂಗಳೂರಿನ ಒಬ್ಬ ವಾರ್ಡನ್ನರಿಗೆ ಕಾಗದ ಬರೆಸಿಕೊಂಡೆ. ಅವರು ಉಡುಪಿಗೆ ಬರೆದುಕೊಟ್ಟರು, ಉಡುಪಿಯವರು ಕುಂದಾಪುರಕ್ಕೆ. ಕಾಗದದಲ್ಲಿ ಇರುತ್ತಿದ್ದದ್ದು ಮೂರೇ ಸಾಲು: ಹುಡುಗ ಒಳ್ಳೆಯವನು, ಬೀಡಿ ಸೇದುವುದಿಲ್ಲ, ಒಂದು ಮಂಚ ಕೊಡುವುದು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಹೊರಟೆ. ಎನ್.ಸಿ.ಸಿ.ಯ ಗೆಳೆಯನಿಂದ ತಂದ ಬೆನ್ನಿನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಮೂರು ಚಡ್ಡಿ, ಅವ್ವ ಕಟ್ಟಿಕೊಟ್ಟ ಚಕ್ಕುಲಿ, ನಾಲ್ಕು ಅಚ್ಚು ಬೆಲ್ಲ. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿದೆ, ಹಾಸನದಲ್ಲಿ ಮತ್ತೊಮ್ಮೆ. ಘಾಟಿ ಇಳಿಯುವಾಗ ಡೈರಿಯಲ್ಲಿ ಯೋಜನೆ ಬರೆದೆ. ಮೊದಲ ದಿನ ಸೊಂಟದ ಮಟ್ಟದ ನೀರಿನಲ್ಲಿ ಒಂದು ಗಂಟೆ ನಿಲ್ಲುವುದು. ಎರಡನೆಯ ದಿನ ಎದೆಮಟ್ಟ. ಮೂರನೆಯ ದಿನ ಕತ್ತಿನ ಮಟ್ಟ, ಆಮೇಲೆ ಕಾಲು ಎತ್ತುವುದು. ಕಾರವಾರ ಮುಟ್ಟುವ ಹೊತ್ತಿಗೆ ಈಜಬೇಕು.

ಐದನೇ ತಾರೀಖು ಮಂಗಳೂರಿನ ಕಡಲ ದಡದಲ್ಲಿ ಯೋಜನೆ ಮುಗಿದುಹೋಯಿತು.

ನಾಲೆಯ ನೀರಿಗೆ ಒಂದು ಮಟ್ಟ ಇರುತ್ತದೆ. ತೂಬು ಎತ್ತಿದ ದಿನ ಏರುತ್ತದೆ, ಇಳಿಸಿದ ದಿನ ಇಳಿಯುತ್ತದೆ, ನಡುವೆ ಇದ್ದಲ್ಲೇ ಇರುತ್ತದೆ. ಸೊಂಟದ ಮಟ್ಟ ಅಂದರೆ ಇಡೀ ದಿನ ಸೊಂಟದ ಮಟ್ಟ. ನಾನು ಅದನ್ನೇ ನೀರಿನ ಗುಣ ಎಂದುಕೊಂಡಿದ್ದೆ. ಸಮುದ್ರದಲ್ಲಿ ಸೊಂಟದ ಮಟ್ಟ ಹುಡುಕಿಕೊಂಡು ನಿಂತರೆ, ನೀರು ಮೊಣಕಾಲಿಗೆ ಜಾರಿತು, ಉಸಿರು ಬಿಡುವಷ್ಟರಲ್ಲಿ ತಲೆಯ ಮೇಲಿಂದ ಬಂತು. ನಾನು ಮರಳಿನಲ್ಲಿ ಎರಡು ಸಲ ಉರುಳಿ ದಡಕ್ಕೆ ಬಂದು ಬಿದ್ದೆ. ಹಾಸ್ಟೆಲಿನ ಇಬ್ಬರು ಹುಡುಗರು ಜೊತೆಗೆ ಬಂದಿದ್ದರು. ಅವರು ಪ್ಯಾಂಟು ಮಡಚಿಕೊಂಡು ಪಾದ ನೆನೆಯುವಷ್ಟು ನೀರಿನಲ್ಲೇ ನಿಂತಿದ್ದರು.

"ಎಂತ ಮಾಡ್ತಿದ್ದೀ ಮಾರಾಯ? ಸಾಯ್ಲಿಕ್ಕೆ ಬಂದದ್ದಾ?" ಅಂದ ಒಬ್ಬ.

"ಈಜು ಕಲಿಯೋಕೆ."

"ಕಡಲಲ್ಲಾ? ಕಡಲಲ್ಲಿ ಯಾರು ಈಜು ಕಲೀತಾರೆ?"

"ನೀವು ಕಲಿತಿಲ್ವಾ?"

"ನನಗೆ ಈಜು ಬರುದಿಲ್ಲ" ಅಂದ. ಹೇಳುವಾಗ ಅವನಿಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ. ಅದನ್ನು ಕಂಡು ನನಗೆ ಆಶ್ಚರ್ಯವಾಯಿತು.

ಸಂಜೆ ಹಾಸ್ಟೆಲಿನಲ್ಲಿ ಉಳಿದಿದ್ದ ಏಳು ಜನರನ್ನೂ ಕೇಳಿದೆ. ಈಜು ಬರುವವರು ಇಬ್ಬರು. ಇಬ್ಬರೂ ಕಲಿತದ್ದು ಊರ ಕೆರೆಯಲ್ಲಿ. ಮೆಸ್ಸು ರಜೆಯಾದ್ದರಿಂದ ಅವರೇ ಕುಚ್ಚಲಕ್ಕಿ ಗಂಜಿ ಬೇಯಿಸುತ್ತಿದ್ದರು. ನನ್ನ ಬೆಲ್ಲವನ್ನು ಒಡೆದು ಎಲ್ಲರೂ ನೀರಿನ ಜೊತೆ ತಿಂದರು. ಕಿವಿಯಿಂದ ಮರಳು ತೆಗೆಯಲು ಒಬ್ಬ ಕೊಬ್ಬರಿ ಎಣ್ಣೆ ಬಿಸಿಮಾಡಿ ತಂದ. ಎರಡೇ ದಿನ ಅಲ್ಲಿದ್ದದ್ದು, ಹೊರಡುವಾಗ ಏಳು ಜನವೂ ಡೈರಿಯ ಹಿಂದಿನ ಹಾಳೆಯಲ್ಲಿ ವಿಳಾಸ ಬರೆದರು. ಕೆಳಗೆ ಒಬ್ಬ, 'ಮುಳುಗಿದರೆ ತಿಳಿಸು' ಎಂದೂ ಬರೆದಿದ್ದ.

ಮಂಗಳೂರು ದೊಡ್ಡ ಊರು, ಅಲ್ಲಿಯವರ ಮಾತು ಬಿಡು, ಮೀನುಗಾರರ ಊರಿನಲ್ಲಿ ಕೇಳೋಣ ಎಂದುಕೊಂಡು ಉಡುಪಿಗೆ ಹೋದೆ. ಹಾಸ್ಟೆಲಿನಲ್ಲಿ ಮಲ್ಪೆಯ ಹುಡುಗನೊಬ್ಬ ಸಿಕ್ಕಿದ. ಅವನ ಅಪ್ಪನಿಗೆ ಬೋಟು ಇತ್ತು. ಇದಕ್ಕಿಂತ ಒಳ್ಳೆಯ ಗುರು ಎಲ್ಲಿ ಸಿಗಬೇಕು? ಎಂಟನೇ ತಾರೀಖು ಬೆಳಿಗ್ಗೆ ಅವನ ಜೊತೆ ಬಂದರಿಗೆ ಹೋದೆ. ಅವನ ಅಪ್ಪ ಬೋಟಿನ ಅಂಚಿನ ಮೇಲೆ ಕೂತು ಬಲೆ ಸರಿಮಾಡುತ್ತಿದ್ದರು. ಅರುವತ್ತರ ಹತ್ತಿರದ, ಕಬ್ಬಿಣದಂಥ ತೋಳಿನ ಮನುಷ್ಯ.

"ನಿಮ್ಮ ಹತ್ರ ಈಜು ಕಲಿಯೋಕೆ ಬಂದೆ" ಅಂದೆ.

ಅವರು ಮಗನ ಮುಖ ನೋಡಿದರು. ಮಗ ಆಗಲೇ ನಗುತ್ತಿದ್ದ.

"ನನಗೆ ಬರುದಿಲ್ಲಪ್ಪ" ಅಂದರು.

"ಬೋಟಿನಿಂದ ಬಿದ್ದರೆ?"

"ಬೀಳುದು ಯಾಕೆ? ಗಟ್ಟಿ ಹಿಡ್ಕೊಳ್ಳಬೇಕು." ಬಲೆಯ ಗಂಟನ್ನು ಹಲ್ಲಿನಲ್ಲಿ ಬಿಗಿದು, "ನೀವು ಗದ್ದೆ ಉಳುವವರು. ಮಣ್ಣಲ್ಲಿ ಹೂತುಕೊಳ್ಳುದು ಕಲ್ತಿದ್ದೀರಾ?" ಅಂದರು.

ಮಧ್ಯಾಹ್ನ ಅವರ ಮನೆಯಲ್ಲೇ ಬಂಗುಡೆ ಮೀನಿನ ಸಾರಿನ ಊಟವಾಯಿತು. ಆ ಹಾಸ್ಟೆಲಿನಲ್ಲಿ ಕೇಳಿದ್ದು ಒಂಬತ್ತು ಜನರನ್ನು, ಬರುವವರು ಮೂವರು. ಆವತ್ತು ಸಂಜೆಯ ಪುಟದಲ್ಲಿ, 'ಐದು ದಿನ ಕಳೆಯಿತು. ಗೆಳೆಯರು ಹದಿನಾರು. ಈಜು ಸೊನ್ನೆ' ಎಂದು ಬರೆದಿದ್ದೇನೆ. ಆದರೂ ಬೇಸರವಾಗಿರಲಿಲ್ಲ. ಊರಲ್ಲಿ ನನ್ನೊಬ್ಬನದೇ ಆಗಿದ್ದ ಕೊರತೆ ಇಲ್ಲಿ ಹದಿನಾರು ಜನರಲ್ಲಿ ಹನ್ನೊಂದು ಜನರದಾಗಿತ್ತು.

ಒಂಬತ್ತರಂದು ಕುಂದಾಪುರ. ಅಲ್ಲಿನ ಹಾಸ್ಟೆಲಿನಲ್ಲಿ ಐದೇ ಜನರಿದ್ದರು. ಹೊಳೆದಂಡೆಯ ಊರು, ಅದಕ್ಕೇ ಏನೋ ಐವರಲ್ಲಿ ನಾಲ್ವರಿಗೆ ಈಜು ಬರುತ್ತಿತ್ತು. ನನಗೆ ಮಂಚ ಸಿಕ್ಕಿದ ಕೋಣೆಯವನು ಬಿ.ಕಾಂ. ಓದುವವನು, ಸಣ್ಣ ಆಳು, ದಪ್ಪ ಕನ್ನಡಕ. ಸ್ಟ್ಯಾಟಿಸ್ಟಿಕ್ಸಿನಲ್ಲಿ ಫೇಲಾಗಿ, ಹನ್ನೆರಡನೇ ತಾರೀಖಿನ ಪರೀಕ್ಷೆಗೆ ಓದುತ್ತಿದ್ದ. ನನ್ನ ಬಿ.ಎಸ್ಸಿ.ಯ ಒಂದು ವಿಷಯವೇ ಸ್ಟ್ಯಾಟಿಸ್ಟಿಕ್ಸು. ಅರ್ಧ ಗಂಟೆಯಲ್ಲಿ ಕರಾರಾಯಿತು. ಮಧ್ಯಾಹ್ನವೆಲ್ಲ ನಾನು ಅವನಿಗೆ ಸರಾಸರಿ, ಮಧ್ಯಾಂಕ ಹೇಳಿಕೊಡುವುದು. ಬೆಳಿಗ್ಗೆ ಅವನು ನನಗೆ ಹೊಳೆಯಲ್ಲಿ ಈಜು ಹೇಳಿಕೊಡುವುದು.

ಅವರ ಕಡೆ ಮಕ್ಕಳು ಕಲಿಯುವುದು ಎರಡು ಒಣ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಜೋಡಿಕಟ್ಟಿ, ಎದೆಯ ಕೆಳಗೆ ಇಟ್ಟುಕೊಂಡು. ನನಗೂ ಹಾಗೇ ಕಟ್ಟಿದ. ಕಾಯಿ ಚೆನ್ನಾಗಿ ತೇಲಿತು. ಅದರ ಮೇಲೆ ನನ್ನ ಎದೆ ತೇಲಿತು. ಕಾಲು ಮಾತ್ರ ನೆಲ ಹುಡುಕಿಕೊಂಡು ಕೆಳಗೆ ಹೋಗುತ್ತಿತ್ತು. ಕಾಯಿ ಬಿಡಿಸಿ ಹೊಟ್ಟೆಯ ಕೆಳಗೆ ಅಂಗೈ ಇಟ್ಟ. ಅಂಗೈ ಇರುವ ತನಕ ಸರಿ, ತೆಗೆದ ಕೂಡಲೇ ನಾನು ಕುರ್ಚಿಯ ಮೇಲೆ ಕೂರುವವನ ಹಾಗೆ ನೀರಿನಲ್ಲಿ ಕೂತುಬಿಡುತ್ತಿದ್ದೆ. ಅಷ್ಟರಲ್ಲಿ ಇಳಿತ ಶುರುವಾಗುತ್ತಿತ್ತು, ಹೊಳೆಯ ನೀರು ಕಡಲ ಕಡೆಗೆ ಎಳೆಯುತ್ತಿತ್ತು, ಪಾದದಡಿಯ ಕೆಸರು ಜಾರುತ್ತಿತ್ತು. ಮೂರು ಬೆಳಿಗ್ಗೆಯೂ ಅಷ್ಟೇ.

"ನಿನ್ನ ಕಾಲಿಗೆ ನೆಲದ ಮೇಲೆ ಅದೆಂಥ ಪ್ರೀತಿ ಮಾರಾಯ" ಅಂದ ಅವನು, ಕನ್ನಡಕ ಇಲ್ಲದ ಕಣ್ಣು ಕಿರಿದು ಮಾಡಿ. "ನಿಂತ ನೀರು ಬೇಕು ನಿನಗೆ. ಎಳೆತ ಇರಬಾರದು. ಅಡಿ ಗಟ್ಟಿ ಇರಬೇಕು. ನಿಮ್ಮಲ್ಲಿ ಅಂಥದ್ದು ಇಲ್ವಾ?"

"ತೊಣ್ಣೂರು ಕೆರೆ ಇದೆ. ನಮ್ಮೂರಿಂದ ಎರಡು ಮೈಲಿ. ನೀರು ತಿಳಿ, ಅಡಿಯ ಕಲ್ಲು ಕಾಣುತ್ತೆ."

ಅವನು ದಡಕ್ಕೆ ಹತ್ತಿ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದ.

"ಅದನ್ನು ಬಿಟ್ಟು ಇಲ್ಲಿ ಉಪ್ಪುನೀರು ಕುಡೀಲಿಕ್ಕೆ ಬಂದದ್ದಾ?"

ಊರಿನಲ್ಲಿ ಯಾಕೆ ಕಲಿಯಲಾಗುವುದಿಲ್ಲ ಎಂದು ಅವನಿಗೆ ಹೇಳಿದೆ. ಜೋಯಿಸರು, ಅಜ್ಜಿ, ಚೊಂಬು, ಎಲ್ಲವನ್ನೂ. ಅಷ್ಟನ್ನು ಯಾರಿಗೂ ಹೇಳಿರಲಿಲ್ಲ. ಅವನು ನಗಲಿಲ್ಲ. ಪರೀಕ್ಷೆ ಮುಗಿಸಿ ಬಂದವನು, ಪ್ರಶ್ನೆಪತ್ರಿಕೆಯನ್ನು ಮಡಚಿ ಜೇಬಿಗೆ ತುರುಕಿ, "ಪಾಸಾಗ್ತೇನೆ. ಲೆಕ್ಕ ನನ್ನ ಕಡೆಯಿಂದ ಬಾಕಿ ಉಂಟು. ದೀಪಾವಳಿಗೆ ಮೊದಲು ನಾನು ಮನೆಯಲ್ಲಿರಬೇಕು, ಅಲ್ಲಿಯ ತನಕ ನಿಮ್ಮೂರಿಗೆ ಬಂದು ಇರ್ತೇನೆ" ಅಂದ. ನಾನು ಡೈರಿ ತೆಗೆದು ಹೊನ್ನಾವರ, ಕಾರವಾರ ಎರಡಕ್ಕೂ ಗೀಟು ಹಾಕಿದೆ. ಕರಾವಳಿಯಲ್ಲಿ ಒಟ್ಟು ಕೇಳಿದ್ದು ಇಪ್ಪತ್ತೊಂದು ಜನರನ್ನು, ಈಜು ಬರುವವರು ಒಂಬತ್ತು. ಕಲಿಯಲು ಹೋದ ನನಗೆ ಬರಲಿಲ್ಲ.

ಹದಿಮೂರಕ್ಕೆ ಇಬ್ಬರೂ ಊರಿಗೆ ಬಂದೆವು. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಹಾಸ್ಟೆಲಿನ ಗೆಳೆಯ ಅಂದರೆ ನಮ್ಮಲ್ಲಿ ಅಷ್ಟು ಸಾಕು. ಅವ್ವ ಇನ್ನೊಂದು ತಟ್ಟೆ ಹಾಕಿದಳು. ಹದಿನಾಲ್ಕರಂದು ಅವನಿಗೆ ಶ್ರೀರಂಗಪಟ್ಟಣ ತೋರಿಸಿದೆ. ನದಿಯನ್ನು ನೋಡಿದವನೇ, "ಇಲ್ಲಿ ಬೇಡ, ಸುಳಿ ಉಂಟು" ಅಂದ. ಬಸ್ಸಿನಲ್ಲಿ ಕಿರಂಗೂರು ದಾಟುವಾಗ ಕಬ್ಬಿನ ಗದ್ದೆಗಳನ್ನು ಕಿಟಕಿಗೆ ಮೂಗು ಒತ್ತಿ ನೋಡಿದ. ಇಷ್ಟು ಉದ್ದಕ್ಕೆ ಒಂದೇ ಬೆಳೆ ಅವನು ಕಂಡಿರಲಿಲ್ಲವಂತೆ.

ಹದಿನೈದರಿಂದ ತೊಣ್ಣೂರು. ದೇವಸ್ಥಾನ ತೋರಿಸಿಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ, ಬೆಳಕು ಹರಿಯುವ ಹೊತ್ತಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ಏರಿಯ ಒಂದು ಮೂಲೆಯಲ್ಲಿ ಕಲ್ಲು ಇಳಿಜಾರಾಗಿ ನೀರಿಗೆ ಇಳಿಯುತ್ತದೆ, ಅಲ್ಲಿ ಬಟ್ಟೆ ಒಗೆಯುವವರೂ ಅಷ್ಟಾಗಿ ಬರುವುದಿಲ್ಲ. ನೀರು ನಾನು ಹೇಳಿದಂತೆಯೇ ಇತ್ತು. ಅಲೆ ಇಲ್ಲ, ಎಳೆತ ಇಲ್ಲ, ಒಂದೇ ಮಟ್ಟ. ಆದರೂ ಅಂಗೈ ತೆಗೆದ ಕೂಡಲೇ ನಾನು ಕೂತುಬಿಡುವುದು ತಪ್ಪಲಿಲ್ಲ. ಹದಿನೈದು, ಹದಿನಾರು, ಹದಿನೇಳು, ಮೂರು ದಿನದ ಪುಟದಲ್ಲೂ ಒಂದೇ ಮಾತಿದೆ: 'ಇಲ್ಲ'. ಇಪ್ಪತ್ತೊಂದಕ್ಕೆ ಅವನು ಹೊರಡುವವನು. ಅವನು ಹೋದ ಮೇಲೆ ಇನ್ನು ಯಾರನ್ನೂ ಕೇಳುವ ಧೈರ್ಯ ನನಗೆ ಬರುವುದಿಲ್ಲ ಎಂಬುದು ಸ್ಪಷ್ಟವಾಗಿ ಗೊತ್ತಿತ್ತು.

ಹದಿನೆಂಟರ ಬೆಳಿಗ್ಗೆ ನಾವು ನೀರಿನಲ್ಲಿದ್ದಾಗ ಏರಿಯ ಮೇಲೆ ಎತ್ತಿನ ಗಾಡಿ ನಿಂತಿತು. ಹೊಡೆದುಕೊಂಡು ಬಂದವನು ಅಣ್ಣ. ಅವನ ಹಿಂದೆ ಹುಲ್ಲಿನ ಮೇಲೆ ಕೂತಿದ್ದವಳು ಅಜ್ಜಿ.

ಅಜ್ಜಿ ನಿಧಾನವಾಗಿ ಇಳಿದು, ಕಲ್ಲಿನ ಮೇಲೆ ಕೂತು, ಮೊದಲು ನನ್ನನ್ನಲ್ಲ, ಗೆಳೆಯನನ್ನು ಮಾತಾಡಿಸಿದಳು.

"ಅಷ್ಟು ದೂರ್ದಿಂದ ನಮ್ ಉಡ್ಗುನ್ನ ಮುಳುಗ್ಸಕ್ಕೆ ಬಂದಿದ್ದೀಯೇನಪ್ಪ?"

"ಅಲ್ಲ ಅಜ್ಜಿ, ತೇಲ್ಸಲಿಕ್ಕೆ."

"ತೇಲುದ್ನಾ?"

ಅವನು ನನ್ನನ್ನು ನೋಡಿ, "ಇನ್ನೂ ಇಲ್ಲ" ಅಂದ.

ಅಜ್ಜಿ ನನ್ನ ಕಡೆ ತಿರುಗಿದಳು. "ಮೂರ್ ದಿನ್ದಿಂದ ದೇವಸ್ಥಾನ್ಕೆ ಓಗಿ ಒದ್ದೆ ತಲೇಲಿ ಬತ್ತಾ ಇದ್ದೀಯ. ಯಾವ್ ದೇವ್ರುಲಾ ಅದು, ಭಕ್ತರ್‌ಗೇ ಅಭಿಷೇಕ ಮಾಡೋದು?"

ಅಣ್ಣ ಗಾಡಿಯ ಮರೆಯಲ್ಲಿ ನಕ್ಕ. ನಾನು ಎದೆಮಟ್ಟದ ನೀರಿನಲ್ಲಿ ನಿಂತುಕೊಂಡೇ, "ಅಜ್ಜಿ, ಇಪ್ಪತ್ತು ತುಂಬಿ ವರ್ಷದ ಮೇಲಾಯ್ತಲ್ಲ" ಅಂದೆ.

"ನಿನ್ಗೊಬ್ನಿಗೇ ಏನ್ಲಾ ಲೆಕ್ಕ ಬರಾದು? ಕಂಟ್ಕ ಇಪ್ಪತ್ತಕ್ಕೆ ಕಳೀತು. ನನ್ ಎದ್ರಿಕೆಗೆ ಜೋಯಿಸ್ರು ಗಡುವು ಬರ್ದಿರ್ಲಿಲ್ಲ."

ಗಾಡಿಗೆ ಹತ್ತು ಅನ್ನುತ್ತಾಳೆ ಎಂದುಕೊಂಡೆ. ಅವಳು ಅಣ್ಣನಿಗೆ, "ಉಲ್ ಬಿಗಿಯೋ ಅಗ್ಗ ತತ್ತಾ" ಅಂದಳು.

ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವುದು ಹಾಗೇ. ಮಗುವಿನ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗೆ ಇಳಿಸಿ, ಮೇಲೆ ದೊಡ್ಡವರೊಬ್ಬರು ಹಿಡಿದು ನಿಲ್ಲುತ್ತಾರೆ. ಅದು ಐದಾರು ವರ್ಷದ ಮಕ್ಕಳಿಗೆ. ಅಣ್ಣ ನನ್ನ ಸೊಂಟಕ್ಕೆ ಗಂಟು ಹಾಕುವಾಗ, "ಓರಿ ಮೈ ತೊಳ್ಯಕ್ಕೆ ಇಳ್ಸುದಂಗದೆ ಕಣಜ್ಜಿ" ಅಂದ. "ತತ್ತಾ, ನಾ ಇಡ್ಕತೀನಿ."

"ಡೇರಿಗೆ ಆಲ್ ಆಕೋ ಒತ್ತಾಯ್ತು, ನೀನ್ ಓಗು" ಅಂದಳು ಅಜ್ಜಿ. ತುದಿಯನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡಳು.

"ನಿಮಗೆ ಈಜು ಬರ್ತದಾ ಅಜ್ಜಿ?" ಗೆಳೆಯ ಕೇಳಿದ.

"ಬರಾಕಿಲ್ಲ. ಅದ್ಕೇ ಬಿಗಿಯಾಗ್ ಇಡ್ಕತೀನಿ."

ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಪರಿಚಯದವರೊಬ್ಬರು ಏರಿಯ ಮೇಲೆ ನಿಂತರು. ನಾನು ಇಷ್ಟು ವರ್ಷ ಹೆದರಿದ್ದು ಇದಕ್ಕೇ.

"ಏನಜ್ಜಿ, ಮೊಮ್ಮಗುನ್ನ ಅಗ್ಗ ಆಕ್ಕೊಂಡ್ ತಂದಿದ್ದೀ. ಮಾರೀಯಾ?"

"ಬಾಯ್ ಬುಡ್ಸಿ ಅಲ್ಲು ನೋಡ್ಬುಟ್ಟು ಬೆಲೆ ಕಟ್ಟಪ್ಪ. ಇಪ್ಪತ್ತೊಂದೊರ್ಸ, ಮೈಮೇಲಿನ್ ಸುಳಿ ಸುದ್ದ ಅದೆ" ಅಂದಳು ಅಜ್ಜಿ, ದನ ಮಾರುವವರ ದನಿಯಲ್ಲೇ. ಅವರು ನಕ್ಕು ಎಮ್ಮೆ ಹಿಂದೆ ಹೋದರು. ಅಷ್ಟೇ ಆದದ್ದು. ನಾನು ಹೆದರಿದ್ದು ಅದಕ್ಕಿಂತ ದೊಡ್ಡದಕ್ಕೆ.

ಗೆಳೆಯ ಹೊಟ್ಟೆಯ ಕೆಳಗೆ ಅಂಗೈ ಇಟ್ಟ. ನಾನು ಕಾಲು ಬಡಿದೆ. ಅವನು ಅಂಗೈ ತೆಗೆದ. ಕಾಲು ನೆಲ ಹುಡುಕಲು ಹೊರಟಿತು. ಅದೇ ಗಳಿಗೆಯಲ್ಲಿ ಸೊಂಟದ ಹಗ್ಗ ಒಂದಿಷ್ಟು ಬಿಗಿಯಿತು. ಎಳೆಯಲಿಲ್ಲ, ಸುಮ್ಮನೆ ಬಿಗಿಯಿತು. ಇನ್ನೊಂದು ತುದಿಯಲ್ಲಿ ಯಾರೋ ಇದ್ದಾರೆ ಎಂದು ನನಗೆ ಗೊತ್ತಾಗುವಷ್ಟು. ಕಾಲು ಹಿಂದಕ್ಕೆ ಬಂತು. ಎಂಟು ಸಲ ಕೈ ಬೀಸಿದ ಮೇಲೆ ನೀರು ಕುಡಿದೆ.

"ಎಂಟು!" ಅಂತ ಗೆಳೆಯ ಕೂಗಿದ. ಎಣಿಸುವ ರೋಗ ಅವನಿಗೂ ಹತ್ತಿತ್ತು.

ಹತ್ತೊಂಬತ್ತರಂದು ಮೂವತ್ತು ದಾಟಿತು. ಅಜ್ಜಿ ಎಲೆಅಡಿಕೆ ಚೀಲ ತಂದಿದ್ದಳು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಸುಣ್ಣ ಹಚ್ಚುತ್ತಾ, ಗೆಳೆಯನ ಊರಿನ ವಿಚಾರವನ್ನೆಲ್ಲ ಕೇಳಿದಳು. ಅವರ ಮನೆಯಲ್ಲಿ ಎಷ್ಟು ದನ, ಅವನ ಅಮ್ಮ ಸಾರಿಗೆ ತೆಂಗಿನಕಾಯಿ ಎಷ್ಟು ಹಾಕುತ್ತಾಳೆ, ಆ ಪರೀಕ್ಷೆ ಯಾಕೆ ಫೇಲಾಯಿತು. ಅವನು ದಡದಲ್ಲಿ ಕೂತು ಉತ್ತರ ಹೇಳುತ್ತಾ ಹೇಳುತ್ತಾ ನನ್ನನ್ನು ಮರೆತೇಬಿಡುತ್ತಿದ್ದ. ಅಜ್ಜಿಯ ಕಣ್ಣು ಮಾತ್ರ ನೀರಿನ ಮೇಲೇ ಇರುತ್ತಿತ್ತು.

ಇಪ್ಪತ್ತರಂದು, ಅವನು ಹೊರಡುವ ಹಿಂದಿನ ಬೆಳಿಗ್ಗೆ, ಕಲ್ಲಿಗೆ ಬೆನ್ನು ಮಾಡಿ ನೆಟ್ಟಗೆ ಕೆರೆಯ ಒಳಕ್ಕೆ ಈಜಿದೆ. ಗೆಳೆಯ ಎರಡು ಮಾರು ದೂರದಲ್ಲಿ ಜೊತೆಗೆ ಬರುತ್ತಿದ್ದ, ಮುಟ್ಟುತ್ತಿರಲಿಲ್ಲ. ಕೆಳಗೆ ಕಲ್ಲು ಕಾಣುವುದು ನಿಂತು ನೀರು ಹಸಿರಾಯಿತು. ಹೆದರಿಕೆ ಇತ್ತು, ಆದರೆ ಅದು ಕೈಗೆ ಅಡ್ಡ ಬರುತ್ತಿರಲಿಲ್ಲ. ಇನ್ನೂ ಹೋಗಬಹುದು ಅನ್ನಿಸಿದಾಗಲೇ ಸೊಂಟ ಹಿಂದಕ್ಕೆ ಜಗ್ಗಿತು. ಹಗ್ಗ ಮುಗಿದಿತ್ತು. ವಾಪಸು ಬಾ ಎಂದು ಅಜ್ಜಿ ಕೂಗುತ್ತಾಳೆಂದು ಅಲ್ಲೇ ಕೈಕಾಲು ಆಡಿಸುತ್ತಾ ಕಾದೆ. ಕೂಗು ಬರಲಿಲ್ಲ. ಬದಲಿಗೆ ಹಗ್ಗ ಸಡಿಲವಾಯಿತು.

ತಿರುಗಿ ನೋಡಿದೆ. ಅಜ್ಜಿ ಕಲ್ಲಿನ ಮೇಲೆ ಇರಲಿಲ್ಲ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ, ನೀರಿಗೆ ಇಳಿದು ನಿಂತಿದ್ದಳು. ಹಗ್ಗದ ತುದಿಯನ್ನು ಹಿಡಿದ ಕೈಯನ್ನು ನನ್ನ ಕಡೆಗೆ ಆದಷ್ಟೂ ಮುಂದಕ್ಕೆ ಚಾಚಿದ್ದಳು.

"ಇನ್ನೊಸಿ ದೂರ ಓಗ್ಲಾ" ಅಂದಳು. "ನಾನ್ ಇಲ್ಲೇ ಇವ್ನಿ."

ಮನೆಗೆ ಬಂದ ಮೇಲೆ ಹಗ್ಗವನ್ನು ಜಗಲಿಯ ಮೇಲೆ ಹಾಸಿ ಅಳೆದೆ. ಆ ದಿನದ ಪುಟದಲ್ಲಿ ಹೀಗಿದೆ: 'ಹಗ್ಗ ಹನ್ನೆರಡು ಮಾರು. ಅಜ್ಜಿ ನೀರಿಗೆ ಇಳಿದದ್ದು ಒಂದೂವರೆ. ಒಟ್ಟು ಈಜಿದ್ದು ಹದಿಮೂರೂವರೆ ಮಾರು.'